ಮುನ್ಷಿಯ ಮುಂದೆ ಕುಳಿತ ಪಾದ್ರಿ

ಕೊಟ್ಟೂರಿನ ತೇರಿಗೆ ನಾನು ಮೊದಲ ಸಲ ಹೋದದ್ದು ಎಂಟು ವರ್ಷದವನಿದ್ದಾಗ. ಅಜ್ಜನ ಹಿಂದೆ ನಡೆದುಕೊಂಡೇ ಹೋದೆ. ಮಾಘಮಾಸದ ಬಿಸಿಲು ಆಗಲೇ ಕಾವೇರಿತ್ತು. ಊರು ಮುಟ್ಟುವ ಹೊತ್ತಿಗೆ ನನ್ನ ಕಾಲು ಸೋತಿದ್ದವು. ತೇರು ಹರಿಯುವುದು ಇಳಿಹೊತ್ತಿಗೆ. ಅಲ್ಲಿಯವರೆಗೆ ನೆರಳು ಹುಡುಕಿಕೊಂಡು, ಜಾತ್ರೆಯ ಗದ್ದಲದಿಂದ ತುಸು ಆಚೆ ಇದ್ದ ಒಂದು ಬೇವಿನ ಮರದ ಕೆಳಗೆ ಹೋಗಿ ಕುಳಿತೆವು. ಆ ನೆರಳನ್ನು ನಮಗಿಂತ ಮೊದಲೇ ಹಿಡಿದಿದ್ದವರು ಒಬ್ಬರು ಪುಸ್ತಕ ಮಾರುವವರು. ಹೊಸಪೇಟೆಯ ಕಡೆಯಿಂದ ಬಂದವರಂತೆ. ತಗಡಿನ ಪೆಟ್ಟಿಗೆ, ಅದರ ಮುಚ್ಚಳದ ಮೇಲೆ ಜೋಡಿಸಿಟ್ಟ ಸಣ್ಣ ಸಣ್ಣ ಪುಸ್ತಕಗಳು. ಒಂದೊಂದಕ್ಕೆ ಐದೋ ಹತ್ತೋ ನಯೇಪೈಸೆ. ಬಣ್ಣದ ರಟ್ಟು ಕಂಡು ನಾನು ಹಟ ಹಿಡಿದೆ, ಅಜ್ಜ ಕೊಡಿಸಿದರು. ಅದು ಲೂಕನು ಬರೆದ ಸುವಾರ್ತೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಅಜ್ಜನಿಗೆ ಓದು ಬಾರದು. "ಕೊಟ್ಟ ದುಡ್ಡಿಗೆ ನಾಕು ಸಾಲು ಓದೋ, ಕೇಳಾಣ" ಎಂದರು. ನಾನು ಅಕ್ಷರ ಕೂಡಿಸಿ ಓದಿದೆ. ಕರ್ತ, ಕೃಪೆ, ಶಿಷ್ಯರು, ದೀಕ್ಷಾಸ್ನಾನ ಎಂಬ ಮಾತುಗಳು ಬಂದವು. ಅಜ್ಜ ಹಣೆಯ ವಿಭೂತಿಯ ಮೇಲಿಂದ ಬೆವರು ಒರೆಸಿಕೊಳ್ಳುತ್ತ, "ಇದೇನೋ ನಮ್ಮ ಮಠದಾಗ ಕೇಳಿದ ಮಾತಿದ್ದಂಗ ಐತಲ್ಲೊ!" ಎಂದರು. ಪುಸ್ತಕದವರು ನಕ್ಕರೇ ಹೊರತು ಏನೂ ಹೇಳಲಿಲ್ಲ. ಆಮೇಲೆ ಅಜ್ಜ ಅವರಿಗೆ "ಉಂಡೀರೇನ್ರಿ?" ಎಂದು ಕೇಳಿದರು. ಅವರು ಉಂಡಿರಲಿಲ್ಲ. ಬುತ್ತಿ ಬಿಚ್ಚಿ ಮೂವರೂ ಕುಳಿತೆವು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ತುತ್ತು ಮುರಿಯುವ ಮೊದಲು ಆ ಮನುಷ್ಯ ಕಣ್ಣು ಮುಚ್ಚಿದರು. ಅಜ್ಜ ಮುರಿದ ರೊಟ್ಟಿಯನ್ನು ಕೈಯಲ್ಲೇ ಹಿಡಿದುಕೊಂಡು, ಅವರು ಕಣ್ಣು ತೆರೆಯುವವರೆಗೂ ಕಾದರು. ನನಗೂ ಕಾಯುವಂತೆ ಕಣ್ಸನ್ನೆ ಮಾಡಿದರು.

ಈ ಹೊತ್ತು ನಾನು ಆಡಹೊರಟಿರುವ ಮಾತಿಗೆ ಆ ತಗಡಿನ ಪೆಟ್ಟಿಗೆಯೇ ಮೂಲ. ಅದರೊಳಗಿನ ಕನ್ನಡ ಎಲ್ಲಿಂದ ಬಂತು? ಯಾರು ಬರೆದರು? ಬರೆದವರಿಗೆ ಯಾರು ಕಲಿಸಿದರು? ಮೊದಲೆರಡು ಪ್ರಶ್ನೆಗಳಿಗೆ ಚರಿತ್ರೆಯ ಪುಸ್ತಕಗಳಲ್ಲಿ ಉತ್ತರ ಸಿಕ್ಕುತ್ತದೆ. ಮೂರನೆಯದನ್ನು ಕೇಳುವವರೇ ಕಡಮೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ — ಈ ಐದೂ ಇಂದು ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಆ ಜಿಲ್ಲೆ ಹುಟ್ಟಿದ್ದು ಮೊನ್ನೆ ಮೊನ್ನೆ, 2021ರಲ್ಲಿ. ಅದಕ್ಕೂ ಹಿಂದೆ ಇದೆಲ್ಲ ಬಳ್ಳಾರಿ ಸೀಮೆ. ನಡುವೆ ಹರಪನಹಳ್ಳಿಯೊಂದು 1997ರಿಂದ ಇಪ್ಪತ್ತು ವರ್ಷ ದಾವಣಗೆರೆಯ ಮನೆಯಲ್ಲಿದ್ದು ಬಂತು. 1800ರಲ್ಲಿ ನಿಜಾಮನು ಈ ನಾಡನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ತಾಮಸ್ ಮನ್ರೊ 1807ರವರೆಗೆ ಇಲ್ಲಿ ಪ್ರಧಾನ ಕಲೆಕ್ಟರನಾಗಿದ್ದು, ಡೇರೆ ಹಾಕಿಕೊಂಡು ಊರೂರು ತಿರುಗಿ ಕಂದಾಯ ಗೊತ್ತುಮಾಡಿದ. ಅವನು ಹೋದ ಮೂರು ವರ್ಷಕ್ಕೆ ಬಳ್ಳಾರಿಗೆ ಇನ್ನೊಬ್ಬ ಇಂಗ್ಲಿಷರವನು ಬಂದ. ಇವನ ಕೈಯಲ್ಲಿ ಅಳತೆಯ ಸರಪಳಿ ಇರಲಿಲ್ಲ, ಒಂದು ಪುಸ್ತಕವಿತ್ತು. ಹೆಸರು ಜಾನ್ ಹ್ಯಾಂಡ್ಸ್. 1795ರಲ್ಲಿ ಸ್ಥಾಪನೆಯಾಗಿದ್ದ ಲಂಡನ್ ಮಿಶನರಿ ಸೊಸೈಟಿಯ ಯುವಕ.

ಅವನು ಹೋಗಬೇಕೆಂದಿದ್ದದ್ದು ಶ್ರೀರಂಗಪಟ್ಟಣಕ್ಕೆ. ಅಲ್ಲಿಗೆ ಹೋಗಲು ಅಡ್ಡಿಯಾಯಿತು. ಆಗಿನ ಕಂಪನಿ ಸರಕಾರಕ್ಕೆ ಪಾದ್ರಿಗಳೆಂದರೆ ಅಷ್ಟಕ್ಕಷ್ಟೆ ಎಂಬುದನ್ನು ನಾವು ಮರೆಯಬಾರದು. 1806ರಲ್ಲಿ ವೇಲೂರಿನ ಸಿಪಾಯಿಗಳು ದಂಗೆ ಎದ್ದಿದ್ದರು. ಧರ್ಮದ ವಿಷಯಕ್ಕೆ ಕೈಹಾಕಿದರೆ ರಾಜ್ಯಕ್ಕೇ ಕುತ್ತು ಬಂದೀತೆಂಬ ಅಂಜಿಕೆ ಮದರಾಸಿನ ಅಧಿಕಾರಿಗಳಲ್ಲಿ ಹೊಕ್ಕಿತ್ತು. ಮಿಶನರಿಗಳಿಗೆ ಕಾನೂನಿನ ಬಾಗಿಲು ತೆರೆದದ್ದು 1813ರ ಸನದಿನ ಮೇಲೆಯೇ. ಹೀಗೆ ಹೋಗಬೇಕಾದ ಊರಿಗೆ ಹೋಗಲಾರದೆ, 1810ರಲ್ಲಿ ಹ್ಯಾಂಡ್ಸ್ ಬಳ್ಳಾರಿಯ ದಂಡಿನ ಪ್ರದೇಶಕ್ಕೆ ಬಂದು ಬಿಡಾರ ಹೂಡಿದ. ಕನ್ನಡ ನಾಡಿನಲ್ಲಿ ಪ್ರಾಟೆಸ್ಟೆಂಟ್ ಮಿಶನ್ನಿನ ಬೇರುಬಿಟ್ಟ ಮೊದಲ ನೆಲೆಗಳಲ್ಲಿ ಒಂದು ಹುಟ್ಟಿದ್ದು ಹೀಗೆ.

ದೂರದೇಶದ ಪಾದ್ರಿಯ ದಿನಚರಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಸಂತೆಯ ನಡುವೆ ನಿಂತು ಕೈಯೆತ್ತಿ ಬೋಧಿಸುವ ಬಿಳಿಯ ಮನುಷ್ಯನ ಚಿತ್ರ. ನಿಜವಾದ ದಿನಚರಿ ಅದಕ್ಕಿಂತ ಬಹಳ ಸಪ್ಪೆಯದು. ಬಳ್ಳಾರಿಯ ಬಿಸಿಲನ್ನು ಬಲ್ಲವರಿಗೆ ಗೊತ್ತು: ಬೇಸಿಗೆಯಲ್ಲಿ ಹೊತ್ತು ಏರುವ ಮೊದಲೇ ಕೆಲಸ ಮುಗಿಸಬೇಕು. ಬೆಳಗಿನ ಪ್ರಾರ್ಥನೆಯ ಮೇಲೆ ಮುನ್ಷಿ ಬರುತ್ತಾನೆ. ಆಗ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಅಚ್ಚಾದ ವ್ಯಾಕರಣವಿಲ್ಲ, ನಿಘಂಟಿಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಶ್ರೀರಾಮಪುರದಲ್ಲಿ ಅಚ್ಚಾದದ್ದೇ 1817ರಲ್ಲಿ. ಆದ್ದರಿಂದ ಮುನ್ಷಿಯ ಬಾಯೇ ವ್ಯಾಕರಣ, ಮುನ್ಷಿಯ ಮುಖವೇ ನಿಘಂಟು. ಅವನು ಮುಖ ಕಿವಿಚಿದರೆ ವಾಕ್ಯ ತಪ್ಪು, ತಲೆಯಾಡಿಸಿದರೆ ಸರಿ. ಲೋಕಕ್ಕೆಲ್ಲ ಬೋಧಿಸಬೇಕೆಂದು ಹಡಗು ಹತ್ತಿ ಬಂದ ಯುವಕ ತಿಂಗಳುಗಟ್ಟಲೆ, ವರ್ಷಗಟ್ಟಲೆ, ಕಾಗುಣಿತ ತಿದ್ದುವ ಹುಡುಗನಂತೆ ಇನ್ನೊಬ್ಬನ ಮುಂದೆ ಕುಳಿತುಕೊಳ್ಳಬೇಕು. ಆ ಇನ್ನೊಬ್ಬನಾದರೋ ಅವನ ಮತವನ್ನು ಒಪ್ಪಿದವನಲ್ಲ. ಸಂಬಳಕ್ಕೆ ಬಂದವನು, ಸಂಜೆ ಮನೆಗೆ ಹೋಗಿ ಸ್ನಾನ ಮಾಡಿ ತನ್ನ ದೇವರ ಮುಂದೆ ದೀಪ ಹಚ್ಚುವವನು.

ಮಿಕ್ಕ ಹೊತ್ತು ದಂಡಿನ ಸೋಲ್ಜರರಿಗೆ ಇಂಗ್ಲಿಷಿನಲ್ಲಿ ಪ್ರಾರ್ಥನೆ, ಮಕ್ಕಳಿಗೆ ಶಾಲೆ, ಪೇಟೆಯಲ್ಲಿ ಮಾತುಕತೆ. ಸೋಲ್ಜರರ ನಡುವಿನ ಈ ಕೆಲಸ ಅವನಿಗೆ ಧೈರ್ಯ ಕೊಟ್ಟಿರಬಹುದು. ಆದರೆ ಅದರಿಂದ ಒಂದು ತೊಡಕೂ ಆಯಿತು. ಹಳ್ಳಿಯಿಂದ ಪೇಟೆಗೆ ಬಂದ ರೈತನ ಕಣ್ಣಿಗೆ ಕಂದಾಯ ಕೇಳುವ ದೊರೆ, ಕೋವಿ ಹಿಡಿದ ಸಿಪಾಯಿ, ಪುಸ್ತಕ ಹಿಡಿದ ಪಾದ್ರಿ ಮೂವರದೂ ಒಂದೇ ಬಣ್ಣ. ಮೂರನೆಯವನು ಬೇರೆ ಎಂದು ತಿಳಿಯುವುದಕ್ಕೆ ಅವನು ಬೇರೆ ರೀತಿ ಮಾತಾಡಬೇಕಾಗಿತ್ತು. ಮಾತು ಇನ್ನೂ ಕೈವಶವಾಗಿರಲಿಲ್ಲ.

ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದ. 1816ರಲ್ಲಿ ಬಂದು ಸೇರಿದ ವಿಲಿಯಂ ರೀವ್ ಅವನಿಗೆ ಜೊತೆಯಾದ. 1831ರ ಹೊತ್ತಿಗೆ ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ ಎರಡೂ ಸೇರಿ ಇಡೀ ಗ್ರಂಥ ಕನ್ನಡದಲ್ಲಿ ಅಚ್ಚಾಗಿ ಮುಗಿದಿತ್ತು. ಎಂದರೆ, ಹೆಚ್ಚು ಕಡಮೆ ಇಪ್ಪತ್ತು ವರ್ಷದ ಕೆಲಸ. ಈ ಇಪ್ಪತ್ತು ವರ್ಷವನ್ನು ನಾವು ಒಂದು ವಾಕ್ಯದಲ್ಲಿ ಹೇಳಿ ಮುಗಿಸಿಬಿಡುತ್ತೇವೆ. ಆದರೆ ಒಂದೊಂದು ಮಾತಿನ ಹಿಂದೆಯೂ ಎಂಥ ಪಂಚಾಯಿತಿ ನಡೆದಿರಬೇಕು ಎಂಬುದನ್ನು ತುಸು ಯೋಚಿಸಿ ನೋಡಬೇಕು.

ಇಂಗ್ಲಿಷಿನಲ್ಲಿ ಎದುರಿಗಿದ್ದವನನ್ನು ಕರೆಯಲು ಇರುವುದು ಬಹುಮಟ್ಟಿಗೆ ಒಂದೇ ಮಾತು. ಕನ್ನಡದಲ್ಲಿ ನೀನು, ನೀವು, ತಾವು ಎಂದು ಮೂರು ಮೆಟ್ಟಿಲು. ದೇವರನ್ನು ಯಾವ ಮೆಟ್ಟಿಲಲ್ಲಿ ನಿಲ್ಲಿಸುವುದು? ಮರ್ಯಾದೆ ತಿಳಿದ ಪರಕೀಯ ಬಹುವಚನಕ್ಕೇ ಕೈಚಾಚಿಯಾನು. ಆದರೆ ಕೊಟ್ಟೂರಿನಲ್ಲಿ ತೇರಿನ ಮುಂದೆ ನಿಂತು ಕಣ್ಣೀರಿಡುವ ಹೆಂಗಸು ಬಸವಣ್ಣನನ್ನು "ನೀನು" ಎಂದೇ ಕರೆಯುತ್ತಾಳೆ. ಕನ್ನಡದ ಭಕ್ತಿ ಎಂದಿನಿಂದಲೂ ಏಕವಚನದ್ದು. ಕನ್ನಡ ಬೈಬಲಿನ ಪ್ರಾರ್ಥನೆಗಳೂ ದೇವರನ್ನು ನೀನು ಎಂದೇ ಕರೆಯುತ್ತವೆ. ಇದು ವ್ಯಾಕರಣದ ಪುಸ್ತಕದಿಂದ ಕಲಿಯುವ ಪಾಠವಲ್ಲ.

ಅಜ್ಜ ಗುರುತಿಸಿದ ಮಾತುಗಳನ್ನೇ ತೆಗೆದುಕೊಳ್ಳಿ. ನೀರಿನಲ್ಲಿ ಮುಳುಗಿಸಿ ಅಥವಾ ನೀರು ಚಿಮುಕಿಸಿ ಸಭೆಗೆ ಸೇರಿಸಿಕೊಳ್ಳುವ ಕ್ರಮಕ್ಕೆ ಇಂದಿನ ಕನ್ನಡ ಬೈಬಲಿನಲ್ಲಿರುವ ಹೆಸರು ದೀಕ್ಷಾಸ್ನಾನ. ದೀಕ್ಷೆ ಎಂಬುದು ಮಠದ ಮಾತು. ಗುರುವು ಶಿಷ್ಯನಿಗೆ ಲಿಂಗ ಕಟ್ಟುವಾಗಿನ ಮಾತು. ಕೃಪೆ, ಕರ್ತ, ಶಿಷ್ಯ, ಭಕ್ತಿ, ಪಾಪ, ಮೋಕ್ಷ ಎಲ್ಲವೂ ಇಲ್ಲಿ ಆಗಲೇ ಬಳಸಿ ಬಳಸಿ ನುಣುಪಾದವು. ಹೊಸ ಧರ್ಮವನ್ನು ಹೇಳಲು ಹಳೆಯ ಮಾತುಗಳನ್ನೇ ಎರವಲು ತರಬೇಕಾಯಿತು. ಎರವಲು ತಂದ ಪಾತ್ರೆಯಲ್ಲಿ ತಂದವರ ಮನೆಯ ವಾಸನೆ ಸ್ವಲ್ಪವಾದರೂ ಉಳಿಯದೆ ಹೋಗುವುದಿಲ್ಲ.

ಕೆಲವು ಕಡೆ ಆ ಗ್ರಂಥಕ್ಕೂ ಈ ನೆಲಕ್ಕೂ ಹೇಳಿಮಾಡಿಸಿದಂಥ ಜೋಡಿ. ತಪ್ಪಿಸಿಕೊಂಡ ಕುರಿಯನ್ನು ಹುಡುಕಿ ಹೋಗುವ ಕುರುಬನ ಕಥೆಯನ್ನು ಕೂಡ್ಲಿಗಿಯ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕಂಬಳಿ ಹೊದ್ದು ರಾತ್ರಿಯೆಲ್ಲ ಹಟ್ಟಿಯ ಬಳಿ ಕೂರುವವರ ನಾಡು ಇದು. ಮೈಲಾರಲಿಂಗನೇ ಕುರುಬರ ದೇವರು. ರೊಟ್ಟಿ ಎಂದರೆ ಇಲ್ಲಿ ಊಟಕ್ಕೇ ಇನ್ನೊಂದು ಹೆಸರು. ಆದರೆ ಬಿತ್ತುವವನ ಸಾಮತಿ ಇದೆಯಲ್ಲ, ಒಬ್ಬನು ಬೀಜ ಎರಚುತ್ತ ಹೋದಾಗ ಕೆಲವು ದಾರಿಯಲ್ಲಿ, ಕೆಲವು ಬಂಡೆಯ ಮೇಲೆ ಬಿದ್ದವೆಂಬ ಕಥೆ, ಅಲ್ಲಿ ನಮ್ಮ ಎರೆಹೊಲದ ರೈತ ತಡೆದು ನಿಲ್ಲುತ್ತಾನೆ. ಇಲ್ಲಿ ಬಿತ್ತುವುದು ಕೂರಿಗೆಯಿಂದ. ಬಟ್ಟಲಿಗೆ ಹಿಡಿ ಹಿಡಿಯಾಗಿ ಬಿಟ್ಟ ಕಾಳು ಕೊಳವೆಯಲ್ಲಿ ಇಳಿದು ಸಾಲಿನ ತಳದಲ್ಲೇ ಬೀಳುತ್ತದೆ. ದಾರಿಯ ಮೇಲೆ ಬೀಜ ಚೆಲ್ಲುವವನನ್ನು ನನ್ನ ಅಜ್ಜನಂಥವರು ಕಂಡಿದ್ದರೆ, ಅವನ ಕೈಯಿಂದ ಚೀಲ ಕಿತ್ತುಕೊಳ್ಳುತ್ತಿದ್ದರು! ಬೋಧಕನಿಗೆ ಕೂರಿಗೆ ಗೊತ್ತಿದ್ದರೆ ಅವನು ಈ ಕಥೆಯನ್ನು ಹೇಳುವ ಬಗೆಯೇ ಬೇರೆಯಾಗುತ್ತಿತ್ತು.

ಪಾದ್ರಿಗಳು ಬಂದು ನಮಗೆ ಅಕ್ಷರ ಕಲಿಸಿದರು ಎಂಬ ಮಾತು ಈಗಲೂ ಕೇಳಿಬರುತ್ತದೆ. ಅದನ್ನು ಇಲ್ಲೇ ಸ್ವಲ್ಪ ಸರಿಪಡಿಸಬೇಕು. ಹ್ಯಾಂಡ್ಸ್ ಬಳ್ಳಾರಿಯಲ್ಲಿದ್ದ ಕಾಲದಲ್ಲೇ, 1823ರಲ್ಲಿ, ಕಲೆಕ್ಟರ್ ಕ್ಯಾಂಬೆಲ್ ಜಿಲ್ಲೆಯ ಶಾಲೆಗಳ ಲೆಕ್ಕ ತೆಗೆಸಿ ಮದರಾಸಿಗೆ ಬರೆದು ಕಳಿಸಿದ. ತೆಲುಗಿಗೆ ವ್ಯಾಕರಣ ಬರೆದ ವಿದ್ವಾಂಸನೂ ಆಗಿದ್ದವನು ಇವನು. ಅವನ ಲೆಕ್ಕದಂತೆ ಜಿಲ್ಲೆಯಲ್ಲಿ 533 ಶಾಲೆಗಳು, 6,641 ಮಕ್ಕಳು. ಅವುಗಳಲ್ಲಿ 235 ಕನ್ನಡ ಶಾಲೆಗಳು, 226 ತೆಲುಗು ಶಾಲೆಗಳು. ಇಂಗ್ಲಿಷ್ ಶಾಲೆ ಒಂದೇ ಒಂದು. ಮರಳಿನ ಮೇಲೆ ಬೆರಳಿನಿಂದ ತೀಡುವುದನ್ನು, ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವುದನ್ನು ಅವನು ಮೆಚ್ಚಿ ಬರೆದಿದ್ದಾನೆ. ಊರುಗಳು ಬಡವಾಗುತ್ತಿವೆ, ವಿಲಾಯಿತಿಯ ಬಟ್ಟೆ ಬಂದು ನೇಕಾರರ ಕೈ ಬರಿದಾಗಿದೆ, ಅದರಿಂದ ಶಾಲೆಗಳು ಮುಚ್ಚುತ್ತಿವೆ ಎಂದೂ ಮುಚ್ಚುಮರೆಯಿಲ್ಲದೆ ತಿಳಿಸಿದ್ದಾನೆ. ಕಂಪನಿಯ ಅಧಿಕಾರಿ ಕಂಪನಿಗೇ ಹೀಗೆ ಬರೆದದ್ದು ದೊಡ್ಡದು. ಆ ಲೆಕ್ಕದಲ್ಲಿ ಹೆಣ್ಣುಮಕ್ಕಳು ಎಷ್ಟು ಎಂದರೆ ಕೇವಲ 60. ಅದೇ 1823ರಲ್ಲಿ ಹುಟ್ಟಿ, ಯಾವ ಶಾಲೆಯ ಲೆಕ್ಕಕ್ಕೂ ಸೇರದೆ, ನೂರಾರು ದೇವರನಾಮ ಹಾಡಿ ಹೋದವಳು ನಮ್ಮ ಹರಪನಹಳ್ಳಿಯ ಭೀಮವ್ವ. ಅವಳ ಹಾಡುಗಳು ಇಂದಿಗೂ ಮನೆಮನೆಯ ಹೆಂಗಸರ ಬಾಯಲ್ಲಿವೆ. ಅಕ್ಷರಕ್ಕೂ ಅರಿವಿಗೂ ಇರುವ ಸಂಬಂಧ ಅಷ್ಟು ಸರಳವಲ್ಲ.

ಇನ್ನು ಪಾದ್ರಿಗಳ ಬೋಧನೆಗೆ ಬಂದ ಫಲ. ಮೊದಲ ಹಲವು ವರ್ಷ ಮಿಶನ್ನಿಗೆ ಸೇರಿದ ಇಲ್ಲಿನ ಜನ ಬೆರಳೆಣಿಕೆಯಷ್ಟು. ಕೈಹಿಡಿದವರಲ್ಲಿ ಈ ದೇಶದಲ್ಲೇ ಹುಟ್ಟಿ ಬೆಳೆದ ಜೋಸೆಫ್ ಟೇಲರ್ ಎಂಬವರು 1820ರಲ್ಲಿ ಬೆಳಗಾವಿಗೆ ಹೋಗಿ ಅಲ್ಲಿ ಮಿಶನ್ ಕಟ್ಟಿದರು. ಜಾತ್ರೆಗಳಿಗೆ ಹೋಗಿ ಪುಸ್ತಕ ಹಂಚುವ ಪದ್ಧತಿ ಬೆಳೆಯಿತು. ಜನ ಪುಸ್ತಕ ತೆಗೆದುಕೊಳ್ಳುತ್ತಿದ್ದರು, ಕೇಳುತ್ತಿದ್ದರು, ತಲೆಯಾಡಿಸುತ್ತಿದ್ದರು, ಮನೆಗೆ ಹೋಗುತ್ತಿದ್ದರು. ಆ ಕಾಲದ ಮಿಶನ್ ಬರಹಗಳಲ್ಲಿ ಮತ್ತೆ ಮತ್ತೆ ಬರುವ ದೂರು ಒಂದೇ: ಈ ಜನಕ್ಕೆ ಆಸಕ್ತಿ ಇಲ್ಲ. ಕಲ್ಲಿನ ಮೇಲೆ ಮಳೆ ಸುರಿದ ಹಾಗೆ.

ಇದನ್ನು ಓದಿದಾಗಲೆಲ್ಲ ನನಗೆ ನಮ್ಮ ಐವರು ಶರಣರ ನೆನಪಾಗುತ್ತದೆ. ಈ ಸೀಮೆಯಲ್ಲಿ ಹಿಂದೆ ಐವರು ಗಣಾಧೀಶ್ವರರು ಸಂಚರಿಸಿ, ಒಬ್ಬೊಬ್ಬರು ಒಂದೊಂದು ಊರಿನಲ್ಲಿ ನೆಲೆನಿಂತರೆಂದು ಹೇಳುತ್ತಾರೆ. ಕೊಟ್ಟೂರಿನಲ್ಲಿ ಬಸವೇಶ್ವರ, ಹರಪನಹಳ್ಳಿಯಲ್ಲಿ ಕೆಂಪೇಶ್ವರ, ಅರಸೀಕೆರೆಯಲ್ಲಿ ಕೋಲಶಾಂತೇಶ್ವರ, ಕೂಲಹಳ್ಳಿಯಲ್ಲಿ ಮದ್ದಾನಸ್ವಾಮಿ, ಸ್ವಲ್ಪ ದೂರದ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿ. ಇವರೂ ಹೊರಗಿನಿಂದ ನಡೆದು ಬಂದವರೇ. ಇವರದೂ ಒಂದು ಬಗೆಯ ಧರ್ಮಪ್ರಚಾರವೇ. ಆದರೆ ಜನ ಇವರನ್ನು ನೆನೆಯುವುದು ಇವರು ಏನು ಉಪದೇಶಿಸಿದರು ಎಂಬುದರಿಂದಲ್ಲ. ತಿಪ್ಪೇರುದ್ರಸ್ವಾಮಿ ಎಂದರೆ ಕೆರೆ. ಬರಗಾಲದಲ್ಲಿ ಕೆರೆ ತೋಡಿಸಿ, ದುಡಿದಷ್ಟಕ್ಕೆ ತಕ್ಕ ಕೂಲಿ ಕೊಟ್ಟ ಕಥೆ. ಕೊಟ್ಟೂರಿನಲ್ಲಿ ತೇರು ಹೊರಡುವ ಮುನ್ನ ದಲಿತರ ಕೇರಿಯ ಹೆಣ್ಣುಮಕ್ಕಳು ಉಪವಾಸವಿದ್ದು ಬಂದು ಸ್ವಾಮಿಗೆ ಆರತಿ ಬೆಳಗುತ್ತಾರೆ. ಊರಿನ ಮಿಕ್ಕ ದಿನಗಳ ಜಾತಿಯ ಕಟ್ಟು ಹಾಗೆಯೇ ಉಳಿದಿತ್ತೆಂಬುದೂ ನಿಜ, ಅದನ್ನು ಮುಚ್ಚಿಡುವ ಇಚ್ಛೆ ನನಗಿಲ್ಲ. ಆದರೂ ಆ ಒಂದು ಆರತಿಯಿಲ್ಲದೆ ತೇರು ಕದಲುವುದಿಲ್ಲ. ಹೊರಗಿನಿಂದ ಬಂದವರು ಊರವರಾಗಲು ಎಷ್ಟು ಕಾಲ ಬೇಕು? ಹ್ಯಾಂಡ್ಸ್‌ಗೆ ಸಿಕ್ಕಿದ್ದು ಇಪ್ಪತ್ತೇ ವರ್ಷ.

ಮಿಶನರಿಗಳ ಆ ದೂರನ್ನು ನಾನು ಚಿಕ್ಕ ವಯಸ್ಸಿನಲ್ಲಿ ಓದಿದ್ದರೆ ನಕ್ಕುಬಿಡುತ್ತಿದ್ದೆನೋ ಏನೋ. ನಗದಂತೆ ಮಾಡಿದ್ದು ನನ್ನದೇ ಒಂದು ಅನುಭವ. ಅದನ್ನು ಹೇಳದೆ ಈ ಮಾತು ಮುಂದೆ ಹೋಗುವುದಿಲ್ಲ.

1978ರ ಅಕ್ಟೋಬರ್ 2ರಂದು ದೇಶದಲ್ಲೆಲ್ಲ ವಯಸ್ಕರ ಶಿಕ್ಷಣದ ಕಾರ್ಯಕ್ರಮ ಆರಂಭವಾಯಿತು. ನನಗಾಗ ಇಪ್ಪತ್ನಾಲ್ಕು. ಹರಪನಹಳ್ಳಿ ತಾಲ್ಲೂಕಿನ ಒಂದು ಲಂಬಾಣಿ ತಾಂಡಾದಲ್ಲಿ ರಾತ್ರಿಶಾಲೆ ನಡೆಸುವ ಕೆಲಸ ಸಿಕ್ಕಿತು. ಒಂದು ಲಾಟೀನು, ಇಪ್ಪತ್ತು ಸ್ಲೇಟು, ಒಂದು ಪೆಟ್ಟಿಗೆ ಬಳಪ ಕೊಟ್ಟು ಕಳಿಸಿದರು. ನನ್ನ ಉತ್ಸಾಹವೋ ಉತ್ಸಾಹ! ಕತ್ತಲಲ್ಲಿರುವವರಿಗೆ ಬೆಳಕು ಕೊಡಲು ಹೊರಟಿದ್ದೇನೆಂದೇ ನಂಬಿದ್ದೆ. ಅವರ ಗೋರ್ ಮಾತು ನನಗೆ ಒಂದಕ್ಷರ ಬಾರದು. ಬರಬೇಕೆಂದು ತೋರಲೂ ಇಲ್ಲ. ಕನ್ನಡವನ್ನೇ ದೊಡ್ಡ ದನಿಯಲ್ಲಿ ಹೇಳಿದರೆ ತಿಳಿದೀತೆಂದು ತಿಳಿದಿದ್ದೆ. ಹೆಂಗಸರು ಸೆರಗಿನ ಮರೆಯಲ್ಲಿ ನಗುತ್ತಿದ್ದರು. ಮೊದಲ ವಾರ ಹದಿನೆಂಟು ಜನ, ದೀಪಾವಳಿ ಕಳೆಯುತ್ತಲೇ ಹತ್ತು, ಇನ್ನೆರಡು ವಾರಕ್ಕೆ ಮೂವರು. ನಾನು ಕಾದೆ, ಬೇಸರಪಟ್ಟೆ, ಕೊನೆಗೆ ವರದಿ ಬರೆದೆ. "ಕಲಿಯುವವರಲ್ಲಿ ಆಸಕ್ತಿಯ ಅಭಾವ" ಎಂದು ನಾನು ಬರೆದ ಆ ಸಾಲು ನನಗೆ ಚೆನ್ನಾಗಿ ನೆನಪಿದೆ. ಶಾಲೆ ಮುಚ್ಚಿತು.

ಲಾಟೀನು, ಸ್ಲೇಟು ತೆಗೆದುಕೊಂಡು ಬರಲು ಕೊನೆಯ ಸಲ ಹೋದಾಗ ತಾಂಡಾದ ಅರ್ಧ ಮನೆಗಳಿಗೆ ಬೀಗ. ಎಲ್ಲರೂ ಯಾಡಿ ಎಂದು ಕರೆಯುವ ಒಬ್ಬ ಮುದುಕಿ ಕಟ್ಟೆಯ ಮೇಲೆ ಕೂತು ಹಳೆಯ ಬಟ್ಟೆಗೆ ಕನ್ನಡಿಯ ಬಿಲ್ಲೆ ಹೊಲಿಯುತ್ತಿದ್ದಳು. "ಎಲ್ಲಿ ಹೋದರವ್ವ ಇವರೆಲ್ಲ?" ಎಂದೆ. ತನಗೆ ಬಂದ ಕನ್ನಡದಲ್ಲಿ ಹೇಳಿದಳು:

"ಕಾಫಿ ತ್ವಾಟಕ್ಕ ಹೋದ್ರು. ಕಬ್ಬು ಕಡಿಯಾಕ ಹೋದ್ರು. ವರ್ಷಾ ಹೋಗ್ತಾರ. ಹೋಳಿಗೆ ಬರ್ತಾರ."

"ನನಗೆ ಯಾರೂ ಹೇಳಲಿಲ್ಲವಲ್ಲ!"

"ನೀವು ಯಾರನ್ನ ಕೇಳಿದ್ರಿ, ಮಾಸ್ತರ?"

ಸೂಜಿಯಿಂದ ಕಣ್ಣೆತ್ತದೆ ಹೇಳಿದ ಮಾತು ಅದು. ಹೋಳಿಗೆ ಬಂದು ಮಳೆಗಾಲದವರೆಗೂ ಊರಲ್ಲೇ ಇರುವ ಜನಕ್ಕೆ ನಾನು ಅವರು ದುಡಿಯಲು ಹೋಗುವ ತಿಂಗಳುಗಳಲ್ಲಿ ಶಾಲೆ ತೆರೆದಿದ್ದೆ. ಆಮೇಲೆ ಅವರಿಗೆ ಆಸಕ್ತಿಯಿಲ್ಲ ಎಂದು ಬರೆದೆ. ವರದಿಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಹೋದರೆ ಕಡತ ಆಗಲೇ ಮುಂದಕ್ಕೆ ಹೋಗಿತ್ತು. ಆ ತಾಂಡಾದಲ್ಲಿ ಮತ್ತೆ ರಾತ್ರಿಶಾಲೆ ನಡೆಯಲಿಲ್ಲ. ಅಂದು ಕಲಿಯಬಹುದಾಗಿದ್ದ ಹದಿನೆಂಟು ಜನ ಹೆಬ್ಬೆಟ್ಟಿನವರಾಗಿಯೇ ಉಳಿದರು. ಈ ಲೆಕ್ಕ ನನ್ನ ಹೆಸರಿನಲ್ಲೇ ಇದೆ.

ಆದಕಾರಣ ಹ್ಯಾಂಡ್ಸ್‌ನನ್ನು ತೂಗಲು ನಾನು ತಕ್ಕಡಿ ಹಿಡಿಯಲಾರೆ. ಅವನು ಕಡೆಯಪಕ್ಷ ಮೊದಲು ಮಾತು ಕಲಿಯಲು ಕುಳಿತ. ಮೂರ್ತಿಪೂಜೆಯನ್ನು ಅವನೂ ಅವನ ಜೊತೆಯವರೂ ಜರೆದರು. ತಾವು ಕಂಡ ದೇವರ ಹೊರತು ಇಲ್ಲಿ ಬೆಳಕೇ ಇಲ್ಲವೆಂದು ನಂಬಿದರು. ಅದು ಅವರ ಕಾಲದ ಕುರುಡು, ಅವರ ದೇಶದ ಹಮ್ಮು. ಆದರೆ ಭಾಷೆ ಎಂಬುದು ವಿಚಿತ್ರವಾದ ಗುರು. ಜನರನ್ನು ಗೆಲ್ಲಲೆಂದು ಕಲಿತ ಭಾಷೆ ಕಲಿತವನನ್ನೇ ಗೆದ್ದುಬಿಡುವುದುಂಟು. ರೀವ್ ಬೈಬಲಿನ ಕೆಲಸದ ಜೊತೆಗೇ ಮಾತುಗಳನ್ನು ಕೂಡಿಡುತ್ತ ಹೋಗಿ 1824ರಲ್ಲಿ ಇಂಗ್ಲಿಷ್-ಕನ್ನಡ ಕೋಶವನ್ನು, 1832ರಲ್ಲಿ ಕನ್ನಡ-ಇಂಗ್ಲಿಷ್ ಕೋಶವನ್ನು ಹೊರತಂದ. ಬಳ್ಳಾರಿಯ ಮಿಶನ್ನಿನಲ್ಲಿ ಮೊಳೆಗಳನ್ನು ಜೋಡಿಸಿ ಅಚ್ಚುಹಾಕುವ ಮುದ್ರಣಾಲಯ ಬಂತು. 1843ರ ಜುಲೈ 1ರಂದು ಬಾಸೆಲ್ ಮಿಶನ್ನಿನ ಹೆರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಹೊರಡಿಸಿದ 'ಮಂಗಳೂರ ಸಮಾಚಾರ', ಕನ್ನಡದ ಮೊದಲ ವೃತ್ತಪತ್ರಿಕೆ, ಮರುವರ್ಷ ಅಚ್ಚಿಗೆ ಬಂದದ್ದು ಈ ಬಳ್ಳಾರಿಗೇ. ಇಲ್ಲಿ ಅದರ ಹೆಸರು 'ಕನ್ನಡ ಸಮಾಚಾರ'ವಾಯಿತು. ಒಂದು ಊರಿನ ಹೆಸರು ಹೋಗಿ ಒಂದು ನುಡಿಯ ಹೆಸರು ಬಂತು. ಬಳ್ಳಾರಿ ಇದನ್ನು ಇನ್ನಷ್ಟು ಅಭಿಮಾನದಿಂದ ನೆನೆಯಬೇಕಾಗಿತ್ತು ಎಂದು ನನ್ನ ಅನಿಸಿಕೆ.

ಇದೇ ದಾರಿಯ ಕೊನೆಯಲ್ಲಿ ನಿಂತವನು ಕಿಟ್ಟೆಲ್. 1853ರಲ್ಲಿ ಜರ್ಮನಿಯಿಂದ ಬಂದಿಳಿದಾಗ ಅವನಿಗೆ ಇಪ್ಪತ್ತೊಂದು ವರ್ಷ. ಕಾಲ್ನಡಿಗೆಯಲ್ಲಿ ತಿರುಗುತ್ತ, ಕನ್ನಡಿಗರ ನಡುವೆ ಕನ್ನಡಿಗನಂತೆಯೇ ಇರಬೇಕೆಂದು ಹಂಬಲಿಸಿದ. ಅದಕ್ಕಾಗಿ ಮೇಲಿನವರ ಕೋಪಕ್ಕೂ ಗುರಿಯಾದ. ಬೋಧಕನಾಗಿ ಅವನು ಪಡೆದ ಫಲ ಹೆಚ್ಚಿನದಲ್ಲ. ಆದರೆ ಕೇಶಿರಾಜನನ್ನು, ನಾಗವರ್ಮನನ್ನು ಶೋಧಿಸಿ ಅಚ್ಚುಹಾಕಿಸಿದ, ಗಾದೆಗಳನ್ನು ಹೆಕ್ಕಿದ, 1894ರಲ್ಲಿ ಆ ಮಹಾಕೋಶ ಹೊರಬಂತು. ಕಿಟ್ಟೆಲ್ಲನ ಕಥೆ ನಮ್ಮವರಿಗೆ ಗೊತ್ತಿರುವುದರಿಂದ ಅದನ್ನು ಬೆಳೆಸುವುದಿಲ್ಲ. ಕನ್ನಡದ ಮಕ್ಕಳಿಗೆ ಇಂದು ಅವನು ಪಾದ್ರಿಯಾಗಿ ಗೊತ್ತಿಲ್ಲ, ನಿಘಂಟಾಗಿ ಗೊತ್ತು.

ಹ್ಯಾಂಡ್ಸ್‌ನಿಗೆ ಆ ಭಾಗ್ಯವೂ ದೊರೆಯಲಿಲ್ಲ. ಅವನ ಬೈಬಲಿನ ಕನ್ನಡ ಸಾಲದೆಂದು ಮುಂದಿನವರಿಗೆ ಕಂಡಿತು. ಅವನು ಇಪ್ಪತ್ತು ವರ್ಷ ಸವೆಸಿ ಮಾಡಿದ್ದನ್ನು 1860ರ ಹೊತ್ತಿಗೆ ಬೇರೆಯವರು ಕೂತು ತಿದ್ದಿ ಮುಗಿಸಿದ್ದರು. ಅದನ್ನೂ ಆಮೇಲಿನವರು ತಿದ್ದಿದರು. ಬೇವಿನ ಮರದ ಕೆಳಗೆ ನಾನು ಓದಿದ ನಾಲ್ಕು ಸಾಲಿನಲ್ಲಿ ಹ್ಯಾಂಡ್ಸ್‌ನದು ಎಷ್ಟು, ಆಮೇಲಿನವರದು ಎಷ್ಟು, ಅವರೆಲ್ಲರ ಮುನ್ಷಿಗಳದು ಎಷ್ಟು ಎಂದು ಬೇರ್ಪಡಿಸಲು ಬಾರದು. ಚರಿತ್ರೆ ಹ್ಯಾಂಡ್ಸ್‌ನ ಹೆಸರನ್ನಾದರೂ ಉಳಿಸಿಕೊಂಡಿದೆ. ಮುಖ ಕಿವಿಚಿ, ತಲೆಯಾಡಿಸಿ, ದೇವರನ್ನು ಯಾವ ಮಾತಿನಿಂದ ಕರೆಯಬೇಕೆಂದು ಪಾದ್ರಿಗೆ ಹೇಳಿಕೊಟ್ಟು, ಸಂಜೆ ತನ್ನ ಮನೆಗೆ ಹೋಗಿ ದೀಪ ಹಚ್ಚಿದವನ ಹೆಸರು ಯಾರ ನಾಲಗೆಯ ಮೇಲೂ ಇಲ್ಲ.

ಪುಸ್ತಕದವರ ಮಾತು ಅರ್ಧಕ್ಕೇ ನಿಂತಿದೆ. ಊಟ ಮುಗಿದ ಮೇಲೆ ಅಜ್ಜ ಅವರನ್ನು ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುವಿರಿ ಎಂದು ವಿಚಾರಿಸಿದರು. ಭರತಹುಣ್ಣಿಮೆಗೆ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿದ್ದರಂತೆ, ಅಲ್ಲಿಂದ ಕೊಟ್ಟೂರು, ಮುಂದೆ ಶಿವರಾತ್ರಿಗೆ ಕುರುವತ್ತಿ. ಮೈಲಾರವೆಂದೊಡನೆ ಅಜ್ಜ ನೆಟ್ಟಗೆ ಕುಳಿತರು. ಮೈಲಾರದ ಕಾರ್ಣಿಕವನ್ನು ಬಲ್ಲವರು ಬಲ್ಲರು: ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನು ಏರಿ "ಸದ್ದಲೇ!" ಎಂದು ಕೂಗುತ್ತಾನೆ. ಲಕ್ಷ ಜನ ಒಮ್ಮೆಗೇ ಸ್ತಬ್ಧ. ಅವನು ಆ ವರ್ಷದ ಭವಿಷ್ಯವನ್ನು ಒಂದೇ ಒಂದು ಸಾಲಿನಲ್ಲಿ ನುಡಿದು ಕೆಳಗೆ ಬೀಳುತ್ತಾನೆ. ಕಂಬಳಿಯಲ್ಲಿ ಹಿಡಿದುಕೊಳ್ಳುತ್ತಾರೆ. ಆ ವರ್ಷದ ಮಾತು ನಮ್ಮೂರಿಗೆ ಬರುವಷ್ಟರಲ್ಲಿ ಎರಡು ಬಗೆಯಾಗಿತ್ತು; ಒಬ್ಬರು ಮಳೆಯುಂಟು ಎಂದರೆ ಇನ್ನೊಬ್ಬರು ಇಲ್ಲ ಎನ್ನುತ್ತಿದ್ದರು. ಬಿತ್ತನೆಯ ಲೆಕ್ಕ ಹಾಕಬೇಕಾದವರಿಗೆ ಇದು ಆಟದ ಮಾತಲ್ಲ.

"ನೀವು ಕಿವಿಯಾರೆ ಕೇಳಿದ್ರೇನ್ರಿ?" ಎಂದರು ಅಜ್ಜ.

"ಕೇಳಿದೆ, ಯಜಮಾನ್ರೆ. ಹತ್ತಿರದಾಗೇ ಇದ್ದೆ. ಸದ್ದಲೇ ಅಂದಾಗ ನಾನೂ ಪೆಟ್ಟಿಗಿ ಮುಚ್ಚಿ ಸುಮ್ಮನ ಕುಂತೆ" ಎಂದು ಹೇಳಿ, ಅವರು ಆ ಸಾಲನ್ನು ಮಾತಿಗೆ ಮಾತು, ತಪ್ಪಿಲ್ಲದೆ ಒಪ್ಪಿಸಿದರು. ಅಜ್ಜ ಅದನ್ನು ಎರಡು ಸಲ ಹೇಳಿಸಿ, ನನ್ನಿಂದಲೂ ಒಮ್ಮೆ ಹೇಳಿಸಿ, ಮನಸ್ಸಿಗೆ ಹಾಕಿಕೊಂಡರು. ಮರುದಿನ ಊರಿಗೆ ಬಂದವರು ಕಟ್ಟೆಯ ಮೇಲೆ ಕುಳಿತು ಎಲ್ಲರಿಗೂ ಅದನ್ನೇ ಹೇಳಿದರು. "ಯಾರ್ ಹೇಳಿದ್ರು ನಿಮಗ?" ಎಂದು ಯಾರೋ ಕೇಳಿದ್ದಕ್ಕೆ, "ಕೇಳಿದವರು ಹೇಳಿದ್ರು" ಎಂದರು.